ಮಾಟುಂಗದಲ್ಲಿ ಇಳಿಯುವುದಾದರೆ

ಎಂತ ಅಕ್ಕ, ತಂಗಿ ಮಗಳ ಮದುವೆಗೆ ಮುಂಬೈಗೆ ಹೊರಟದ್ದಂತೆ? ಹಾಲ್ ಎಲ್ಲಿ? ಮಾಟುಂಗವಾ! ಹಾಗಾದರೆ ಆ ಸೊಪ್ಪು ಅಲ್ಲೇ ಇಡಿ, ಸ್ವಲ್ಪ ಗೋಡೆ ಹತ್ತಿರ ಬನ್ನಿ. ಆ ಸ್ಟೇಷನ್ನಿನ ಅನ್ನ ಉಂಡು ಬಂದವ ನಾನು.

ಮೊದಲು ಕೇಳಿಟ್ಟುಕೊಳ್ಳಿ, ಹಾಲ್ ಈಸ್ಟಾ, ವೆಸ್ಟಾ? ಮಾಟುಂಗ ಎಂದರೆ ಎರಡುಂಟು. ಸೆಂಟ್ರಲ್ ಲೈನಿನದು ಬರೀ ಮಾಟುಂಗ, ವೆಸ್ಟರ್ನಿನದು ಮಾಟುಂಗ ರೋಡ್. ನಡುವೆ ಹಳಿಗಳ ರಾಶಿ, 1915ರಿಂದ ಬೋಗಿ ರಿಪೇರಿ ಮಾಡುತ್ತಿರುವ ರೈಲ್ವೆ ವರ್ಕ್‌ಶಾಪು. ದಾಟಬೇಕಾದರೆ ಸೊಟ್ಟಸೊಟ್ಟ ತಿರುಗುವ ಝಡ್ ಬ್ರಿಡ್ಜ್ ಹತ್ತಬೇಕು. ನಮ್ಮವರ ಮೈಸೂರು ಅಸೋಸಿಯೇಷನ್ ಈಸ್ಟಿನಲ್ಲಿ, ಕರ್ನಾಟಕ ಸಂಘ ವೆಸ್ಟಿನಲ್ಲಿ. ಅಲ್ಲಿ ಕನ್ನಡ ಕಾರ್ಯಕ್ರಮ ಎಂದರೆ ಭಾಷಣ ಯಾರದ್ದು ಅಂತ ಕೇಳುವ ಮೊದಲು ಯಾವ ಮಾಟುಂಗ ಅಂತ ಕೇಳಬೇಕು.

ಈಸ್ಟಾ? ಒಳ್ಳೆಯದಾಯಿತು. ಮತ್ಸ್ಯಗಂಧ ರೈಲಿನಲ್ಲಿ ಹೋದರೆ ಟರ್ಮಿನಸ್ಸಿನಿಂದ ಕುರ್ಲಾ ಸ್ಟೇಷನ್ನಿಗೆ ಬಂದು ಸ್ಲೋ ಲೋಕಲ್ ಹಿಡಿಯಿರಿ. ಮೊದಲು ಸಯಾನ್, ಆಮೇಲೆ ಮಾಟುಂಗ. ಫಾಸ್ಟ್ ಹತ್ತಿದಿರೋ, ದಾದರಿನಲ್ಲೇ ಇಳಿಯುವುದು. ಅಲ್ಲಿನ ಜನದಲ್ಲಿ ನಿಮ್ಮ ಸೀರೆಯ ನೆರಿಗೆ ಉಳಿದರೆ ಪುಣ್ಯ.

ಸಣ್ಣ ಸ್ಟೇಷನ್ ಅಂತ ಹಗುರ ಮಾಡಬೇಡಿ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ಗಾಡಿ ಬೋರಿಬಂದರಿನಿಂದ ಠಾಣೆಗೆ ಹೋಯಿತಲ್ಲ, ಅದು ಇದೇ ದಾರಿ. 14 ಬೋಗಿ, ಸುಮಾರು 400 ಅತಿಥಿಗಳು, ಎಳೆಯಲಿಕ್ಕೆ ಮೂರು ಎಂಜಿನ್. ಆಗ ಮಾಟುಂಗದಲ್ಲಿ ಇಳಿಯುವವರು ಯಾರು? ಊರೇ ಆಗಿರಲಿಲ್ಲ. 1896ರಲ್ಲಿ ಪ್ಲೇಗ್ ಬಂತು. ಮುಂಬೈ ಕೋಟೆಯ ಸುತ್ತ ಒತ್ತಿಕೊಂಡಿದ್ದ ಜನ ಪಟಪಟ ಸತ್ತರು. ಎರಡು ವರ್ಷದಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಅವರು ದಾದರ್, ಮಾಟುಂಗದ ಕಡೆ ಗೆರೆ ಹಾಕಿ ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಉದ್ಯಾನ ಎಲ್ಲ ಮಾಡಿದರು. ಫೈವ್ ಗಾರ್ಡನ್ಸ್ ನೋಡಿ ಬನ್ನಿ, ಅದೇ ಲೆಕ್ಕದ್ದು. ಕಚೇರಿ ಕೋಟೆಯಲ್ಲಿ, ಮನೆ ಇಲ್ಲಿ. ರೈಲು ಇಲ್ಲದಿದ್ದರೆ ಆ ಮನೆಗಳಿಗೆ ಯಾರು ಬಾಡಿಗೆಗೆ ಬರುತ್ತಿದ್ದರು, ಹೇಳಿ!

ಬಂದವರಲ್ಲಿ ತಮಿಳರು ತುಂಬ, ಮಲಯಾಳಿಗಳು, ಗುಜರಾತಿಗಳು, ಮತ್ತೆ ನಾವು. ಕಾರಕೂನರಿಗೆ ಊಟ ಬೇಕು, ನಮ್ಮವರಿಗೆ ಅಡುಗೆ ಗೊತ್ತು. 1942ರಲ್ಲಿ ರಾಮ ನಾಯಕರು ಸ್ಟೇಷನ್ನಿನ ಪಕ್ಕದಲ್ಲೇ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುಮಾಡಿದರು. ಈಗಲೂ ಮೆಟ್ಟಿಲು ಹತ್ತಿ ಹೋದರೆ ಬಾಳೆಲೆ ಹಾಕುತ್ತಾರೆ. ಹೊರಗೆ ಮಲ್ಲಿಗೆ, ಬಾಳೆಲೆ, ಕೆಸುವಿನೆಲೆ ಎಲ್ಲ ಸಿಗುತ್ತದೆ. ಮುಡಿಯಲಿಕ್ಕೆ ಹೂವು ಇಲ್ಲಿಂದ ಹೊರುವುದು ಬೇಡ.

ಇನ್ನೊಂದು ಸಂಗತಿ ನಿಮಗೆ ಖುಷಿ ಕೊಡುತ್ತದೆ. 2017ರಲ್ಲಿ ಈ ಇಡೀ ಸ್ಟೇಷನ್ನನ್ನು ಹೆಂಗಸರ ಕೈಗೆ ಕೊಟ್ಟರು. ಮ್ಯಾನೇಜರ್, ಟಿಕೆಟ್ ಕೌಂಟರ್, ಟಿಸಿ, ಅನೌನ್ಸ್ ಮಾಡುವವರು, ಪೊಲೀಸರು, ಎಲ್ಲ ಹೆಂಗಸರೇ. ದೇಶದಲ್ಲಿ ಅಂಥದ್ದು ಅದೇ ಮೊದಲು, ಲಿಮ್ಕಾ ದಾಖಲೆ ಪುಸ್ತಕದಲ್ಲೂ ಬಂತು. ನಿಮ್ಮ ಯಜಮಾನರಿಗೆ ಹೇಳಿ, ಟಿಕೆಟ್ ಇಲ್ಲದೆ ಇಳಿದು "ಅರ್ಜೆಂಟಿತ್ತು ಮೇಡಂ" ಅಂದರೆ ಅಲ್ಲಿ ನಡೆಯುವುದಿಲ್ಲ. ಆ ನೆವವನ್ನು ಅಲ್ಲಿಯ ಹೆಂಗಸರು ಮನೆಯಲ್ಲೇ ಕೇಳಿ ಮುಗಿಸಿರುತ್ತಾರೆ.

ಫಾಸ್ಟ್ ಗಾಡಿ ನಿಲ್ಲುವುದಿಲ್ಲ ಅಂತ ಅಲ್ಲಿಯವರು ಗೊಣಗುವುದುಂಟು. ನನ್ನನ್ನು ಕೇಳಿದರೆ ನಿಲ್ಲದ್ದೇ ಲಾಯ್ಕ. ನಿಂತಿದ್ದರೆ ಅದೂ ಒಂದು ದಾದರ್ ಆಗುತ್ತಿತ್ತು: ಗಾಡಿ ಬದಲಿಸಲಿಕ್ಕೆ ಬಂದವರ ನೂಕುನುಗ್ಗಲು. ಮಾಟುಂಗದಲ್ಲಿ ಇಳಿಯುವವರಿಗೆ ಮಾಟುಂಗದಲ್ಲೇ ಕೆಲಸವಿರುತ್ತದೆ. ಅದಕ್ಕೇ ಅಲ್ಲಿ ಹೂವಿನವಳಿಗೆ, ಹೋಟೆಲಿನವನಿಗೆ ಗಿರಾಕಿಯ ಮುಖ ನೆನಪಿರುತ್ತದೆ.

ಮುಹೂರ್ತ ಯಾವಾಗ? ಭಾನುವಾರವಾ? ಅಯ್ಯೋ! ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಮಾಡುತ್ತಾರೆ, ಆಗಾಗ ಅದು ಸರಿಯಾಗಿ ಮಾಟುಂಗದಿಂದ ಮುಲುಂಡಿನವರೆಗೇ. ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಬಂದು ಸಾಲುಗಟ್ಟುತ್ತವೆ. ಶನಿವಾರದ ಪೇಪರ್ ನೋಡಿ, ಬೆಳಗ್ಗೆ ಬೇಗ ಹೊರಡಿ. ಧಾರೆಗೆ ತಪ್ಪಿದರೂ ಊಟಕ್ಕಾದರೂ ಮುಟ್ಟುತ್ತೀರಿ.