ಬೆಳಕಿಗೆ ಸೆರಗು

ಬೆಳಕಿಗೆಂದು ಬೆಸ್ಕಾಂನವರಿಗೆ ದುಡ್ಡು ಕಟ್ಟಿ, ಆಮೇಲೆ ಅದೇ ಬೆಳಕನ್ನು ಮರೆಮಾಡಲು ಇನ್ನಷ್ಟು ದುಡ್ಡು ಸುರಿಯುವ ಜನ ಬೇಕೆಂದರೆ ಬೆಂಗಳೂರಿನ ವೈಟ್‌ಫೀಲ್ಡಿಗೆ ಬನ್ನಿ. ವಾರವಿಡೀ ಕಂಪ್ಯೂಟರ್ ಪರದೆ ನೋಡಿ ಸುಸ್ತಾದವರಿಗೆ ಶನಿವಾರ ಬಂದರೆ ಕೈಕೆಲಸದ ಹುಚ್ಚು. ಕೆಲವರು ಮಡಕೆ ಮಾಡುತ್ತಾರೆ, ಕೆಲವರು ಬ್ರೆಡ್ಡು. ನನ್ನ ಪಾಲಿಗೆ ಬಂದದ್ದು ವಿನೀರ್ ಲ್ಯಾಂಪ್‌ಶೇಡು.

ಡೆನ್ಮಾರ್ಕಿನ ಹೋಲ್ಗರ್ ಸ್ಟ್ರೋಮ್ 1973ರಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ದೀಪದ ಗೂಡು ಮಾಡಿದ್ದ. ಒಂದೇ ಅಚ್ಚಿನ 30 ತುಂಡು. ಒಂದರ ಕೊಕ್ಕೆಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋದರೆ ಗೋಳ. ಅಂಟಿಲ್ಲ, ಮೊಳೆಯಿಲ್ಲ. ಇದನ್ನೇ ಮರದಲ್ಲಿ ಮಾಡಿದರೆ? ತೇಗದ ವಿನೀರ್ ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಹಾಳೆ. ಬಲ್ಬಿಗೆ ಅಡ್ಡ ಹಿಡಿದರೆ ಎಳೆ ಎಳೆಯೂ ಜೇನುಬಣ್ಣದಲ್ಲಿ ಎದ್ದು ಕಾಣುತ್ತದೆ. ನೋಡಿದವರಿಗೆ ಉಳಿಗಾಲವಿಲ್ಲ.

ಕತ್ತರಿಸಲು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಉಕ್ಕು ಕೊಯ್ಯುವ ಲೇಸರ್ ಮರಕ್ಕೆ ಒಗ್ಗದು, ಅಕ್ರಿಲಿಕ್ ಬೋರ್ಡು ಕತ್ತರಿಸುವ ಯಂತ್ರವೇ ಬೇಕು. ಅಂಥ ಅಂಗಡಿಯೂ ಸಿಕ್ಕಿತು.

“ಎಷ್ಟು ಪೀಸು ಸಾರ್?”

“ಮೂವತ್ತು.”

“ಮೂವತ್ತು ಸಾವಿರಾನಾ?”

“ಇಲ್ಲ, ಬರೀ ಮೂವತ್ತು.”

ಅಂಗಡಿಯವರು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟುಕೊಂಡರು. ಆದರೂ ಒಳ್ಳೆಯವರು, ಊಟದ ಬಿಡುವಿನಲ್ಲಿ ಕತ್ತರಿಸಿಕೊಟ್ಟರು.

ರಗಳೆ ಶುರುವಾದದ್ದು ಜೋಡಿಸುವಾಗ. ಕೊಕ್ಕೆಗಳು ನಾಲ್ಕು ದಿಕ್ಕಿಗೆ, ಮರದ ಎಳೆ ಒಂದೇ ದಿಕ್ಕಿಗೆ. ಎಳೆಯ ಉದ್ದಕ್ಕಿರುವ ಕೊಕ್ಕೆ ಬಗ್ಗುತ್ತದೆ, ಅಡ್ಡಕ್ಕಿರುವುದು ಪಟಕ್ಕನೆ ಮುರಿಯುತ್ತದೆ. ರೇಖಾಗಣಿತಕ್ಕೆ ಎಲ್ಲ ದಿಕ್ಕೂ ಒಂದೇ; ಮರಕ್ಕೆ ಹಾಗಲ್ಲ. ಹಾಳೆಗಳನ್ನು ಎಳೆ ಅಡ್ಡಡ್ಡ ಬರುವಂತೆ ಒಂದರ ಮೇಲೊಂದು ಅಂಟಿಸಿ ಈ ತಂಟೆ ಬಗೆಹರಿಸುವುದೇ ಪ್ಲೈವುಡ್ಡಿನ ಮೂಲಮಂತ್ರ. ಆದರೆ ಪ್ಲೈವುಡ್ಡಿನಿಂದ ಬೆಳಕು ಹೊರಗೆ ಬರಬೇಕಲ್ಲ! ಕೊನೆಗೆ ಕೈಹಿಡಿದದ್ದು ಬೆನ್ನಿಗೆ ತೆಳು ಬಟ್ಟೆ ಅಂಟಿಸಿದ ವಿನೀರ್.

ನಡುಮನೆಯಲ್ಲಿ ತೂಗುಹಾಕಿ ಸ್ವಿಚ್ ಒತ್ತಿದೆ. ಅಕ್ಕಿ ಆರಿಸಲು ಮೊರ ಹಿಡಿದು ಕೂತಿದ್ದ ಅಮ್ಮ ತಲೆಯೆತ್ತಿ ನೋಡಿ, “ಬಹಳ ಚೆನ್ನಾಗಿದೆ ಕಣೋ. ಇನ್ನು ಲೈಟ್ ಹಾಕು” ಎಂದಳು.

ಮಾಡುವವರು ಮಾಡಿ, ನಾನು ಬೇಡವೆನ್ನುವುದಿಲ್ಲ. ಒಳಗೆ ಮಾತ್ರ 9 ವ್ಯಾಟಿನ ಎಲ್‌ಇಡಿಯೇ ಇರಲಿ. ಹಳೆಯ 60 ವ್ಯಾಟಿನ ಬಲ್ಬಿನ ಕಾವಿಗೆ ವಿನೀರ್ ಸುರುಟಿಕೊಂಡು ಸುಟ್ಟೀತು. ಟ್ಯೂಬ್‌ಲೈಟನ್ನಂತೂ ತೆಗೆಸಬೇಡಿ, ಮನೆಯಲ್ಲಿ ಅಕ್ಕಿ ಆರಿಸುವವರಿರುತ್ತಾರೆ.