ಬ್ಯಾಂಡ್‌ವಿಡ್ತ್ ರಾಯರು

ತಾವು ಎಂದೂ ಕೊಳ್ಳದ ವಸ್ತುವಿನ ಗುಣದೋಷಗಳನ್ನು, ಕೊಳ್ಳಹೊರಟವರಿಗೆ ನಿಷ್ಕಾಮಬುದ್ಧಿಯಿಂದ ಬೋಧಿಸುವ ಮಹನೀಯರೊಬ್ಬರು ಬೆಂಗಳೂರಿನ ಪ್ರತಿಯೊಂದು ಬಡಾವಣೆಯಲ್ಲಿಯೂ ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಬ್ಯಾಂಡ್‌ವಿಡ್ತ್ ರಾಯರು. ತಂದೆತಾಯಿಗಳಿಟ್ಟ ಹೆಸರು ಬೇರೆಯಿದ್ದಿರಬೇಕು; ಅದೀಗ ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿದೆ. ಕಡಿಮೆ ಬೆಲೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಳ್ಳುವ ಆಸೆ ಯಾವ ಮನೆಯ ಹುಡುಗನಲ್ಲಿ ಅಂಕುರಿಸಿದರೂ, ಆ ವಾರ್ತೆ ಅವನ ತಂದೆಗಿಂತ ಮೊದಲು ರಾಯರನ್ನು ಮುಟ್ಟಿ, ಎಸ್.ಪಿ. ರಸ್ತೆಗೆ ಹೊರಟ ಅವನ ಪಕ್ಕದಲ್ಲಿ ಅವರು ಛತ್ರಿಸಮೇತರಾಗಿ ನಿಂತಿರುತ್ತಾರೆ.

ಅಂಗಡಿಯವನು ಪೆಟ್ಟಿಗೆಯನ್ನು ಮುಂದಿಟ್ಟು, "ನಾಲ್ಕು ಜಿಬಿ ಸಾರ್, ಒಳ್ಳೇ ರೇಟು" ಎಂದನೋ, ಅಲ್ಲಿಗೆ ಅವನ ಮಧ್ಯಾಹ್ನದ ವ್ಯಾಪಾರ ಮುಗಿಯಿತು.

"ಉಗ್ರಾಣದಲ್ಲಿ ಅನ್ನ ರಾಶಿ ಬಿದ್ದಿದ್ದರೇನಯ್ಯಾ? ಪಂಕ್ತಿಯಲ್ಲಿ 384 ಜನ ಎಲೆಯ ಮುಂದೆ ಕುಳಿತಿದ್ದು, ಬಡಿಸುವವರು ಬರುವ ಬಾಗಿಲು ಒಬ್ಬನೇ ನುಸುಳುವಷ್ಟಿದ್ದರೆ? ಬಾಗಿಲು ಎಷ್ಟಗಲ, ಅದು ಹೇಳು!"

ಆ 384 ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಎನ್‌ವಿಡಿಯಾದವರು 2017ರಲ್ಲಿ ಹೊರತಂದ ಜಿಟಿ 1030 ಕಾರ್ಡಿನಲ್ಲಿರುವ ಕೋರ್‌ಗಳು ಅಷ್ಟೇ. ಅದರ ಜಿಡಿಡಿಆರ್5 ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ದತ್ತಾಂಶವನ್ನು ಸಾಗಿಸುತ್ತಿತ್ತು. ಮರುವರ್ಷ ಅದೇ ನಾಮಧೇಯದಿಂದ, ಅಷ್ಟೇ ಕೋರ್‌ಗಳೊಡನೆ, ಅದೇ 2 ಜಿಬಿಯ ಮುದ್ರೆ ಹೊತ್ತು ಬಂದ ಇನ್ನೊಂದರಲ್ಲಿ ಡಿಡಿಆರ್4 ಮೆಮೊರಿಯನ್ನು ಕೂರಿಸಿದ್ದರಿಂದ ಆ ಸಾಗಾಟ 16.8 ಗಿಗಾಬೈಟಿಗೆ ಇಳಿದು, ಎಷ್ಟೋ ಆಟಗಳಲ್ಲಿ ಅದರ ವೇಗ ಮೊದಲನೆಯದರ ಅರ್ಧಕ್ಕೆ ಕುಸಿಯಿತು. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳನ್ನಷ್ಟೇ ಓದುವ ಹುಡುಗನಿಗೆ ಇವೆರಡೂ ಅವಳಿಜವಳಿಗಳೇ. ರಾಯರಾದರೋ ಅಂಗಡಿಯವನ ಬಿಲ್ಲುಪುಸ್ತಕವನ್ನೇ ಸೆಳೆದುಕೊಂಡು, ಬಾಗಿಲಿನ ಅಗಲವಾದ 64 ಬಿಟ್ಟನ್ನು ಮೆಮೊರಿಯ ವೇಗವಾದ ಆರರಿಂದ ಗುಣಿಸಿ ಎಂಟರಿಂದ ಭಾಗಿಸಿ, 48 ಎಂಬ ಫಲಿತಾಂಶದ ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಆರ್‌ಟಿಎಕ್ಸ್ 3050ರ ಎಂಟು ಜಿಬಿ ಕಾರ್ಡಿಗೆ 224, ಆರು ಜಿಬಿಯದಕ್ಕೆ 168 ಎಂಬ ಪ್ರಸಂಗವನ್ನು ಅವರು ಎತ್ತುವ ಹೊತ್ತಿಗೆ ಹುಡುಗನಿಗೆ ಹಸಿವಾಗಿರುತ್ತದೆ. ಅವರು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂಬುದೇ ಅವರ ಸಹವಾಸದ ಕಷ್ಟ. ತಪ್ಪು ಹೇಳುವವರನ್ನಾದರೆ ನಡುವೆ ತಡೆಯಬಹುದು.

ಒಮ್ಮೆ ಕಾರ್ಯನಿಮಿತ್ತ ಅವರ ಮನೆಗೆ ಹೋಗಿದ್ದಾಗ, ಪಕ್ಕದ ಮುಚ್ಚಳವಿಲ್ಲದೆ ಮೇಜಿನ ಮೇಲಿದ್ದ ಅವರ ಕಂಪ್ಯೂಟರಿನ ಅಂತರಂಗವನ್ನು ನೋಡುವ ಯೋಗ ನನಗೊದಗಿತು. ಗ್ರಾಫಿಕ್ಸ್ ಕಾರ್ಡು ಇರಲಿಲ್ಲ. ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಮಾನ್ಯ ರ‍್ಯಾಮಿನಿಂದ ಕಾಡಿ ಬೇಡಿ ಪಡೆದು ಸಂಸಾರ ತೂಗಿಸುತ್ತಿತ್ತು. ಆ ರ‍್ಯಾಮ್ ಆದರೂ ಎರಡು ಸ್ಲಾಟುಗಳಲ್ಲಿ ಒಂದರಲ್ಲಿ ಮಾತ್ರ ಇದ್ದು, ಇನ್ನೊಂದರಲ್ಲಿ ಧೂಳು ಸುಖವಾಗಿ ನೆಲೆಸಿತ್ತು.

"ರಾಯರೇ, ಇನ್ನೊಂದು ರ‍್ಯಾಮ್ ಹಾಕಿದರೆ ಬ್ಯಾಂಡ್‌ವಿಡ್ತ್ ಎರಡರಷ್ಟಾಗುವುದಿಲ್ಲವೇ?"

"ಆಗದೆ ಏನು! ರೇಟು ಇಳಿಯಲಿ ಎಂದು ಕಾಯುತ್ತಿದ್ದೇನೆ."

"ಮಿಕ್ಸಿಗೂ ಹೀಗೇ ಅಂದಿದ್ದರು" ಎಂದು ಅಡುಗೆಮನೆಯಲ್ಲಿ ಒರಳು ತಿರುಗಿಸುತ್ತಿದ್ದ ಅವರ ಪತ್ನಿ ಅಲ್ಲಿಂದಲೇ ಹೇಳಿದರು.