‘ನಾನು ಖಾತೆಯಿಲ್ಲದ ಮಂತ್ರಿ, ಸ್ವಾಮಿ’: ಮೊಬೈಲ್ ವಾಲ್‌ಪೇಪರ್ ಜತೆ ಒಂದು ಸಂದರ್ಶನ

ಹೊಸ ಮೊಬೈಲ್ ಕೊಂಡವರು ಮೊದಲು ಸಿಮ್ ಹಾಕುತ್ತಾರೆ. ಆಮೇಲೆ ಷರತ್ತುಗಳ ಉದ್ದನೆಯ ಪುಟಕ್ಕೆ ಕಣ್ಣು ಮುಚ್ಚಿಕೊಂಡು ‘ಒಪ್ಪಿದೆ’ ಎಂದು ಒತ್ತುತ್ತಾರೆ. ಆಪ್‌ಗಳು ಕೇಳಿದ್ದಕ್ಕೆಲ್ಲ ‘ಆಯ್ತಪ್ಪ’ ಅನ್ನುತ್ತಾರೆ. ಕೊನೆಗೆ ಕನ್ನಡಕ ಒರೆಸಿಕೊಂಡು, ಮನೆಮಂದಿಯನ್ನೆಲ್ಲ ಕರೆದು, ಅರ್ಧ ಗಂಟೆ ಚರ್ಚೆ ಮಾಡಿ ಒಂದೇ ಒಂದು ತೀರ್ಮಾನವನ್ನು ತೂಗಿ ನೋಡಿ ತೆಗೆದುಕೊಳ್ಳುತ್ತಾರೆ: ವಾಲ್‌ಪೇಪರ್ ಯಾವುದು ಹಾಕೋಣ? ಇಷ್ಟು ಮರ್ಯಾದೆಗೆ ಪಾತ್ರರಾದವರು ಇದುವರೆಗೆ ಪತ್ರಿಕೆಗಳ ಮುಂದೆ ಬಾಯಿ ಬಿಟ್ಟಿರಲಿಲ್ಲ. ಐಕಾನುಗಳ ಸಂದಿಯಿಂದಲೇ ಅವರು ನಮ್ಮೊಂದಿಗೆ ಮಾತನಾಡಿದ್ದಾರೆ.

ಪ್ರಶ್ನೆ: ನಮಸ್ಕಾರ. ಮೊಬೈಲ್ ಸಂಪುಟದಲ್ಲಿ ತಮ್ಮದು ಯಾವ ಖಾತೆ?

ವಾಲ್‌ಪೇಪರ್: ನನಗೆಲ್ಲಿಯ ಖಾತೆ ಸ್ವಾಮಿ! ಹಣಕಾಸು ಯುಪಿಐ ಆಪ್‌ಗಳ ಕೈಲಿದೆ. ಗೃಹ ಇಲಾಖೆ ಪಿನ್ ನಂಬರಿನ ಹತ್ತಿರ, ಇಂಧನ ಬ್ಯಾಟರಿಯ ಹತ್ತಿರ. ವಾರ್ತೆ, ವದಂತಿ, ಶುಭೋದಯ ಮೂರನ್ನೂ ವಾಟ್ಸ್‌ಆ್ಯಪ್ ನೋಡಿಕೊಳ್ಳುತ್ತದೆ. ನನಗೆ ಸಿಕ್ಕಿದ್ದು ಗೂಟದ ಕಾರು ಮಾತ್ರ. ಎಲ್ಲ ಸಮಾರಂಭಗಳಲ್ಲೂ ಹಿಂದಿನ ಸಾಲಿನಲ್ಲಿ ನಗುತ್ತಾ ನಿಂತಿರಬೇಕು. ಕಡತ ನನ್ನ ಮೇಜಿಗೆ ಬರುವುದಿಲ್ಲ.

ಪ್ರಶ್ನೆ: ಹಾಗಿದ್ದೂ ಜನ ನಿಮ್ಮನ್ನೇ ಪದೇ ಪದೇ ಬದಲಾಯಿಸುತ್ತಾರಲ್ಲ?

ವಾಲ್‌ಪೇಪರ್: ಬೇರೆ ಯಾರನ್ನು ಬದಲಾಯಿಸಲು ಅವರಿಂದ ಆಗುತ್ತದೆ ಹೇಳಿ? ಕಂಪನಿಯವರು ಮೊದಲೇ ತುಂಬಿ ಕಳಿಸಿದ ಆಪ್‌ಗಳನ್ನು ಕಿತ್ತುಹಾಕಲು ನೋಡಿ; ಎಷ್ಟೋ ಆಪ್‌ಗಳು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಅವಕ್ಕೆ ಹೈಕಮಾಂಡ್ ಆಶೀರ್ವಾದ ಇದೆ. ನನ್ನದು ಹಾಗಲ್ಲ. ಖಾಲಿ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ನನ್ನ ರಾಜೀನಾಮೆ ಅಂಗೀಕಾರವಾಯಿತು ಅಂತಲೇ ಅರ್ಥ. ಕೆಲವೊಮ್ಮೆ ಜೇಬಿನೊಳಗೆ ಬೆರಳು ತಗುಲಿಯೇ ಅಧಿಕಾರ ಕಳೆದುಕೊಂಡಿದ್ದೇನೆ. ಮನೆಯಲ್ಲೂ ಆಫೀಸಿನಲ್ಲೂ ಮಾತು ನಡೆಯದವರಿಗೆ ನನ್ನ ಮೇಲಾದರೂ ನಡೆಯುತ್ತದಲ್ಲ, ನಡೆಯಲಿ ಬಿಡಿ.

ಪ್ರಶ್ನೆ: ನಿಮ್ಮ ಕುರ್ಚಿಗೆ ಯಾರು ಯಾರು ಬಂದು ಹೋಗುತ್ತಾರೆ?

ವಾಲ್‌ಪೇಪರ್: ದೇವರು, ಮಕ್ಕಳು, ಸಿನಿಮಾ ನಟರು, ಜೋಗದ ಜಲಪಾತ. ಭಕ್ತಿಗೇನೂ ಕೊರತೆಯಿಲ್ಲ. ಆದರೆ ರಾಯರ ಬೃಂದಾವನದ ಮೇಲೆ ಊಟ ತರಿಸುವ ಆಪ್ ಕೂತಿರುತ್ತದೆ, ಮಗುವಿನ ಮೂಗಿನ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಕಾಸರಗೋಡು ಕಡೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಬಾವುಟಕ್ಕೆಂದು ಒಂದು ಹನುಮನ ಮುಖ ಬರೆದುಕೊಟ್ಟರು. ಅದು ಬಾವುಟದಿಂದ ಹಾರಿ ಕಾರಿನ ಗಾಜಿಗೆ ಬಂತು, ಗಾಜಿನಿಂದ ನನ್ನ ಮೇಲೆ ಬಂತು. ಸಮುದ್ರ ಹಾರಿದವನಿಗೆ ಇದೇನು ಮಹಾ! ಇನ್ನು 2021ರ ಅಕ್ಟೋಬರ್ 29ರ ನಂತರ ಕರ್ನಾಟಕದ ಎಷ್ಟೋ ಫೋನುಗಳಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಗು ಬಂದು ಕೂತಿತು. ಆ ಕುರ್ಚಿಯ ವಿರುದ್ಧ ಅವಿಶ್ವಾಸ ನಿರ್ಣಯ ತರಲು ಅವರ ಅಭಿಮಾನಿಗಳಿಗೆ ಇನ್ನೂ ಮನಸ್ಸು ಬಂದಿಲ್ಲ.

ಪ್ರಶ್ನೆ: ಬಂಧುಬಳಗದ ಫೋಟೋಗಳಿಗೆ ನೀವು ಅನ್ಯಾಯ ಮಾಡುತ್ತೀರಿ ಎಂಬ ದೂರಿದೆ.

ವಾಲ್‌ಪೇಪರ್: ಫೋಟೋ ಅಡ್ಡ, ನಾನು ಉದ್ದ. ನಾನೇನು ಮಾಡಲಿ? ಈಗಿನ ಹೆಚ್ಚಿನ ಫೋನುಗಳಲ್ಲಿ ಪರದೆಯ ಅಗಲ 9 ಪಾಲಾದರೆ ಉದ್ದ ಸುಮಾರು 20 ಪಾಲು. ಮದುವೆ ಮಂಟಪದ ಫೋಟೋ ತಂದು ನನ್ನೊಳಗೆ ತುರುಕಿದರೆ ಉಳಿಯುವುದು ವಧು, ವರನ ಅರ್ಧ ಪೇಟ. ಸೋದರತ್ತೆ ಹೊರಗೆ, ಛತ್ರದ ಬಾಡಿಗೆ ಕೊಟ್ಟ ಚಿಕ್ಕಪ್ಪನೂ ಹೊರಗೆ. ‘ನಮ್ಮ ಭಾಗಕ್ಕೆ ಪ್ರಾತಿನಿಧ್ಯವೇ ಇಲ್ಲ’ ಎಂದು ಅವರು ಮುನಿಸಿಕೊಂಡರೆ ಅದಕ್ಕೆ ಸಂಪುಟ ವಿಸ್ತರಣೆಯ ಪರಿಹಾರವೂ ಇಲ್ಲ.

ಪ್ರಶ್ನೆ: ನಿಮ್ಮ ವಂಶದ ಬಗ್ಗೆ ಸ್ವಲ್ಪ ಹೇಳಿ.

ವಾಲ್‌ಪೇಪರ್: ದೊಡ್ಡ ಮನೆತನ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಅರಮನೆಯಿಂದ ಬಡವರ ಗೋಡೆಗೂ ಬಂದರು. ಕಲಬುರಗಿಯ ಎಸ್.ಎಂ. ಪಂಡಿತರ ಚಿತ್ರಗಳು ಕ್ಯಾಲೆಂಡರುಗಳಲ್ಲಿ ಮನೆಮನೆ ಸೇರಿದವು. ಆ ಹಿರಿಯರಿಗೆ ಜನವರಿಯಿಂದ ಡಿಸೆಂಬರ್‌ವರೆಗೆ ಪೂರ್ಣಾವಧಿ. ತಾರೀಖು ಮುಗಿದ ಮೇಲೂ ಕಟ್ಟು ಹಾಕಿಸಿ ದೇವರ ಮನೆಯಲ್ಲಿ ಇಡುತ್ತಿದ್ದರು. ನನಗೆ ಶನಿವಾರ ಪ್ರಮಾಣವಚನ, ಸೋಮವಾರ ವಜಾ.

ಪ್ರಶ್ನೆ: ಕಂಪ್ಯೂಟರ್ ಕಡೆಯ ನೆಂಟರು?

ವಾಲ್‌ಪೇಪರ್: ನಮ್ಮ ದೊಡ್ಡಪ್ಪನನ್ನು ನೀವು ನೋಡಿಯೇ ಇರುತ್ತೀರಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ; ಹೆಸರು ‘ಬ್ಲಿಸ್’. ಸೈಬರ್ ಕೆಫೆಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ, ಬ್ಯಾಂಕ್ ಕೌಂಟರುಗಳ ಹಿಂದೆ ಎಲ್ಲೆಲ್ಲೂ ಅವನೇ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಎಂದು ಎಷ್ಟೋ ಜನ ಅಂದುಕೊಂಡಿದ್ದರು. ಅಲ್ಲ, ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಜಿಲ್ಲೆಯ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಫಿಲ್ಮಿನಲ್ಲೇ ತೆಗೆದ ಫೋಟೋ. ಅದು ದ್ರಾಕ್ಷಿ ಬೆಳೆಯುವ ಸೀಮೆ. ಬೇರಿಗೆ ಫಿಲೋಕ್ಸೆರಾ ಎಂಬ ಕೀಟ ಬಿದ್ದು ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದಲೇ ಅಲ್ಲಿ ಹುಲ್ಲು ಎದ್ದಿತ್ತು. ರೈತನ ಬೆಳೆ ಹೋದ ಜಾಗವನ್ನು ಜಗತ್ತು ನೆಮ್ಮದಿಯ ಚಿತ್ರ ಎಂದು ವರ್ಷಗಟ್ಟಲೆ ನೋಡಿತು. ಹಿನ್ನೆಲೆಯಲ್ಲಿರುವವರ ಹಿನ್ನೆಲೆಯನ್ನು ಯಾರು ವಿಚಾರಿಸುತ್ತಾರೆ?

ಪ್ರಶ್ನೆ: ಸ್ಮಾರ್ಟ್‌ಫೋನಿನಲ್ಲಿ ನಿಮಗೆ ಮೊದಲಿನಿಂದಲೂ ಸ್ಥಾನ ಇತ್ತೇ?

ವಾಲ್‌ಪೇಪರ್: ಅಲ್ಲೂ ಹೋರಾಟವೇ. 2007ರ ಮೊದಲ ಐಫೋನಿನಲ್ಲಿ ಬೀಗ ಹಾಕಿದ ಪರದೆಯ ಮೇಲೆ ಮಾತ್ರ ನನಗೆ ಪ್ರವೇಶ. ಬೀಗ ತೆಗೆದೊಡನೆ ನನ್ನನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಒಳಗೆ ಬರೀ ಕಪ್ಪು. ನಡುಮನೆಗೆ ಕರೆದದ್ದು 2010ರಲ್ಲಿ, ಐಒಎಸ್ 4 ಬಂದಾಗ. ಆಗಲೂ ಹಳೆಯ ಐಫೋನ್ 3ಜಿ ಇದ್ದವರಿಗೆ ಆ ಭಾಗ್ಯ ಸಿಗಲಿಲ್ಲ. ಚಿತ್ರ ಹಾಕಿಕೊಳ್ಳುವುದಕ್ಕೂ ಹೊಸ ಫೋನ್ ಕೊಳ್ಳಬೇಕು ಎಂಬ ಪಾಠವನ್ನು ಜನ ಅಂದೇ ಕಲಿತರು, ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: 2020ರಲ್ಲಿ ನೀವು ಸರ್ಕಾರವನ್ನೇ ಉರುಳಿಸಿದಿರಂತೆ?

ವಾಲ್‌ಪೇಪರ್: (ನಗು) ಉರುಳಿಸಿದ್ದು ನಾನಲ್ಲ, ಒಂದು ಚುಕ್ಕಿ. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸೇಂಟ್ ಮೇರಿ ಎಂಬ ಸರೋವರವಿದೆ. ಅದರ ಸಂಜೆಯ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡ ಎಷ್ಟೋ ಆಂಡ್ರಾಯ್ಡ್ 10 ಫೋನುಗಳು ತಾವಾಗಿ ಆರಿ, ಹೊತ್ತಿ, ಮತ್ತೆ ಆರಿ ಮಾಲೀಕರಿಗೆ ಬೆವರಿಳಿಸಿದವು. ಒಳಗಿನ ಕತೆ ಇಷ್ಟೇ. ಚಿತ್ರ ಎಷ್ಟು ಬೆಳಗಿದೆ ಎಂದು ಫೋನು ಚುಕ್ಕಿ ಚುಕ್ಕಿಯನ್ನೂ ಅಳೆಯುತ್ತದೆ. ಅಳತೆ 0ಯಿಂದ 255ರವರೆಗೆ, ಒಟ್ಟು 256 ಮನೆ. ಆ ಫೋಟೋವನ್ನು ಉಳಿಸಿದ್ದ ಬಣ್ಣದ ಪದ್ಧತಿ ಫೋನಿಗೆ ಒಗ್ಗದೆ, ಲೆಕ್ಕ 255ನ್ನು ದಾಟಿತು. ಇಲ್ಲದ ಮನೆಯ ಬಾಗಿಲು ತಟ್ಟಿದ ವ್ಯವಸ್ಥೆ ಅಲ್ಲೇ ಕುಸಿಯಿತು. ಆಂಡ್ರಾಯ್ಡ್ 11ರಲ್ಲಿ ಸರಿಪಡಿಸಿದರು. ಖಾತೆ ಇಲ್ಲದವನೆಂದು ಕಡೆಗಣಿಸಿದರೆ ಏನಾಗುತ್ತದೆಂದು ರಾಜಕೀಯ ಬಲ್ಲವರಿಗೆ ನಾನು ವಿವರಿಸಬೇಕಿಲ್ಲ.

ಪ್ರಶ್ನೆ: ಆ ಬಂಡಾಯದ ಫಲವಾಗಿಯೇ ನಿಮಗೆ ಖಾತೆ ಸಿಕ್ಕಿತೇ?

ವಾಲ್‌ಪೇಪರ್: ಕಾಕತಾಳೀಯ ಅನ್ನಿ. 2021ರ ಆಂಡ್ರಾಯ್ಡ್ 12ರಿಂದ ನನ್ನ ಬಣ್ಣ ನೋಡಿಯೇ ಗುಂಡಿ, ಗಡಿಯಾರ, ಮೆನುಗಳ ಬಣ್ಣ ತೀರ್ಮಾನವಾಗತೊಡಗಿತು. ಹೊಸ ಸೀರೆಯ ಫೋಟೋ ಹಾಕಿದರೆ ಇಡೀ ಫೋನಿಗೆ ಹೊಂದುವ ರವಿಕೆ. 2022ರಲ್ಲಿ ಐಫೋನಿನವರು ಫೋಟೋದಲ್ಲಿರುವ ತಲೆಯನ್ನು ಗಡಿಯಾರದ ಅಂಕಿಗಳ ಮುಂದೆ ತಂದರು; ಮೊದಲ ಸಲ ಹಿಂದಿನ ಸಾಲಿನವನಿಗೆ ಮುಂದೆ ಜಾಗ. ಆದರೂ ಹೇಳುತ್ತೇನೆ, ಸಿಕ್ಕಿದ್ದು ಸುಣ್ಣಬಣ್ಣದ ಖಾತೆ. ಬಜೆಟ್ಟು ಇನ್ನೂ ಬೇರೆಯವರ ಕೈಲೇ ಇದೆ.

ಪ್ರಶ್ನೆ: ಕಪ್ಪು ವಾಲ್‌ಪೇಪರ್ ಹಾಕಿದರೆ ಬ್ಯಾಟರಿ ಉಳಿಯುತ್ತದಂತೆ, ನಿಜವೇ?

ವಾಲ್‌ಪೇಪರ್: ಓಲೆಡ್ ಪರದೆಯಾದರೆ ನಿಜ. ಅಲ್ಲಿ ಪ್ರತಿ ಚುಕ್ಕಿಗೂ ಅದರದೇ ಬೆಳಕು, ಅಪ್ಪಟ ಕಪ್ಪು ಎಂದರೆ ಆ ಚುಕ್ಕಿ ಆರಿದೆ ಎಂದರ್ಥ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಅಲ್ಲಿ ಕಪ್ಪು ಹಾಕಿದರೆ ಉಳಿತಾಯವಿಲ್ಲ, ಶೋಕಾಚರಣೆ ಮಾತ್ರ. ಓಲೆಡ್ ಇದ್ದವರೂ ನನ್ನ ಹೊಟ್ಟೆ ಕಟ್ಟಿ ಉಳಿಸಿದ್ದನ್ನು ರಾತ್ರಿ ರೀಲ್ಸ್ ನೋಡಿ ಖರ್ಚು ಮಾಡುತ್ತಾರೆ. ಮಿತವ್ಯಯದ ಆದೇಶ ಯಾವತ್ತೂ ಖಾತೆ ಇಲ್ಲದವರಿಗೇ ಮೊದಲು ಅನ್ವಯ.

ಪ್ರಶ್ನೆ: ಕೆಲವು ಫೋನುಗಳಲ್ಲಿ ಮಾಲೀಕರು ಮುಟ್ಟದಿದ್ದರೂ ಲಾಕ್ ಸ್ಕ್ರೀನಿನ ಚಿತ್ರ ಬದಲಾಗುತ್ತಿರುತ್ತದಲ್ಲ?

ವಾಲ್‌ಪೇಪರ್: ಅದು ಆಪರೇಷನ್ನು, ಸ್ವಾಮಿ! ಕಡಿಮೆ ಬೆಲೆಯ ಫೋನು ಕೊಟ್ಟವರು ಉಳಿದ ಲಾಭವನ್ನು ಬಾಗಿಲಲ್ಲೇ ವಸೂಲಿ ಮಾಡುತ್ತಾರೆ. ರಾತ್ರಿ ಮಗಳ ಫೋಟೋ ಇಟ್ಟು ಮಲಗಿದವರು ಬೆಳಗ್ಗೆ ಎದ್ದು ನೋಡಿದರೆ ಸಿನಿಮಾ ಸುದ್ದಿ, ಶೂ ಜಾಹೀರಾತು. ನಿಲ್ಲಿಸುವ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ, ಆದರೆ ಏಳು ಕೋಟೆಯ ಒಳಗೆ. ನನ್ನನ್ನು ಬದಲಾಯಿಸುವ ಹಕ್ಕೊಂದೇ ಜನರ ಕೈಲಿತ್ತು. ಅದಕ್ಕೂ ಈಗ ಪಾಲುದಾರರು.

ಪ್ರಶ್ನೆ: ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ವಾಲ್‌ಪೇಪರ್: ನನ್ನನ್ನು ಬದಲಾಯಿಸಲು ಸೆಟ್ಟಿಂಗ್ಸ್‌ವರೆಗೆ ಬಂದವರು ಇನ್ನೆರಡು ಹೆಜ್ಜೆ ಮುಂದೆ ಹೋಗಿ. ಅಲ್ಲಿ ‘ಅನುಮತಿಗಳು’ ಎಂಬ ಪಟ್ಟಿ ಇದೆ. 2015ರ ಆಂಡ್ರಾಯ್ಡ್ 6ರಿಂದ ಒಂದೊಂದು ಆಪ್‌ಗೆ ಕೊಟ್ಟ ಒಂದೊಂದು ಅನುಮತಿಯನ್ನೂ ವಾಪಸ್ ಪಡೆಯಬಹುದು. ಟಾರ್ಚ್ ಆಪ್‌ಗೆ ನಿಮ್ಮ ಅತ್ತೆಯ ಫೋನ್ ನಂಬರ್ ಏಕೆ ಬೇಕು, ರಂಗೋಲಿ ಆಪ್‌ಗೆ ನೀವು ಎಲ್ಲಿದ್ದೀರಿ ಎಂಬುದೇಕೆ ಬೇಕು ಎಂದು ಒಮ್ಮೆ ಕೇಳಿ ನೋಡಿ. ನಿಜವಾದ ಖಾತೆ ಹಂಚಿಕೆ ನಡೆದಿರುವುದು ಅಲ್ಲಿ. ಅದನ್ನೊಂದು ಸರಿಮಾಡಿದರೆ ನನ್ನ ಮೇಲೆ ಕಂಪನಿ ಕೊಟ್ಟ ಬಣ್ಣದ ಸುರುಳಿಯೇ ಇದ್ದರೂ ಬೇಜಾರಿಲ್ಲ.

ಪ್ರಶ್ನೆ: ಒಳ್ಳೆಯ ಮಾತು. ಅದನ್ನು ಬಿಡುವಾದಾಗ ನೋಡೋಣ. ಸದ್ಯಕ್ಕೆ ಹಬ್ಬಕ್ಕೆ ಗೌರಿ ಹಾಕಲೋ ಗಣೇಶ ಹಾಕಲೋ?

ವಾಲ್‌ಪೇಪರ್: ಹೋಮ್‌ಗೆ ಒಬ್ಬರು, ಲಾಕ್‌ಗೆ ಒಬ್ಬರು ಹಾಕಿ ಸ್ವಾಮಿ. ಇಬ್ಬರು ಉಪಮುಖ್ಯಮಂತ್ರಿಗಳಿದ್ದರೆ ಯಾರಿಗೂ ಅಸಮಾಧಾನ ಇರುವುದಿಲ್ಲ.